ಕಾರ್ಖಾನೆ ಬಾಗಿಲು ಹಾಕಿತು, ಗಾಡಿ ಮಾತ್ರ ನಿಂತಿಲ್ಲ!

ಯೆಜ್ಡಿ ಇಟ್ಟುಕೊಂಡವರಿಗೂ, ಇಟ್ಟು ಮರೆತವರಿಗೂ ನಾಲ್ಕು ಮಾತು

ಮೈಸೂರಿನವರಿಗೆ ಯೆಜ್ಡಿ ಎಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದು ನಮ್ಮೂರಲ್ಲೇ ಹುಟ್ಟಿದ ಗಾಡಿ. ಬಸ್ಸಿಗೆ ಕಾದು ನಿಂತವರ ಕಿವಿಗೆ ಇವತ್ತಿಗೂ ಆಗೊಮ್ಮೆ ಈಗೊಮ್ಮೆ ಅದರ ಸದ್ದು ಬೀಳುತ್ತದೆ. ಎರಡು ಸೈಲೆನ್ಸರು, ಹಿಂದೆ ಒಂದಿಷ್ಟು ನೀಲಿ ಹೊಗೆ, ಮೇಲೆ ತಲೆ ನರೆತ ಯಜಮಾನರು. ಗಾಡಿ ಹಳೆಯದು, ಸವಾರರೂ ಹಳಬರು, ರಿಪೇರಿ ಮಾಡುವವನಂತೂ ಇಬ್ಬರಿಗಿಂತ ಹಳಬ. ಈ ಮೂವರಲ್ಲಿ ಯಾರು ಮೊದಲು ನಿಂತರೂ ಮಿಕ್ಕ ಇಬ್ಬರ ಕತೆ ಮುಗಿಯಿತು. ಇವತ್ತಿನ ವಿಚಾರ ಅದೇ.

ಮೊದಲು ಸ್ವಲ್ಪ ಚರಿತ್ರೆ. ಜಾವಾ ಎಂಬುದು ಜೆಕ್ ದೇಶದ ಗಾಡಿ. ಯಾನೆಚೆಕ್ ಎಂಬ ಯಜಮಾನ, ವಾಂಡರರ್ ಎಂಬ ಕಂಪನಿಯ ಗಾಡಿ, ಎರಡರ ಹೆಸರಿನ ಮೊದಲ ಅಕ್ಷರಗಳು ಸೇರಿ 1929ರಲ್ಲಿ 'ಜಾವಾ' ಆಯಿತು. ಅದನ್ನು ಇಲ್ಲಿಗೆ ತಂದವರು ಇರಾನಿ ಮನೆತನದವರು. ಐಡಿಯಲ್ ಜಾವಾ ಕಂಪನಿ ಯಾದವಗಿರಿಯಲ್ಲಿ ಕಟ್ಟಿದ ಕಾರ್ಖಾನೆಯನ್ನು 1961ರಲ್ಲಿ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. 1973ರ ಸುಮಾರಿಗೆ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಹೆಸರಿಗೆ ತಕ್ಕ ಹಾಗೆ ದೂರದ ದಾರಿಯ ಗಾಡಿ. ಇಬ್ಬರು ಕೂತು, ಹಿಂದೆ ಟ್ರಂಕು ಕಟ್ಟಿ, ಊಟಿಗೋ ಮಡಿಕೇರಿಗೋ ಹೊರಟರೆ ಏದುಸಿರು ಬಿಡದೆ ಏರುತ್ತಿತ್ತು.

ಆಮೇಲೆ 1985ರ ಹೊತ್ತಿಗೆ ಹೀರೋ ಹೋಂಡಾದಂಥ ನೂರು ಸಿಸಿ ಗಾಡಿಗಳು ಬಂದವು. ಲೀಟರಿಗೆ ಇವು ಕೊಡುವ ಮೈಲೇಜ್ ಎಲ್ಲಿ, ಯೆಜ್ಡಿ ಕೊಡುವುದೆಲ್ಲಿ! ಹೊಗೆಯ ಕಾನೂನೂ ಬಿಗಿಯಾಗುತ್ತಾ ಹೋಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಜಾವಾ ಹೆಸರಲ್ಲಿ 2018ರಿಂದ, ಯೆಜ್ಡಿ ಹೆಸರಲ್ಲಿ 2022ರಿಂದ ಹೊಸ ಗಾಡಿಗಳು ಮತ್ತೆ ಬಂದಿವೆ, ನಿಜ. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಇಂಜಿನ್ನು ಫೋರ್ ಸ್ಟ್ರೋಕ್. ಅದರ ಪಿಸ್ಟನ್ನು ಇದಕ್ಕೆ ಕೂರುವುದಿಲ್ಲ. ಹೆಸರು ಒಂದೇ, ವಂಶ ಬೇರೆ.

ಹಾಗಾದರೆ ಹಳೆಯ ಗಾಡಿಗೆ ಗತಿ ಏನು? ಅದು ಓಡುತ್ತಿರುವುದು ಕಾರ್ಖಾನೆಯ ಬಲದಿಂದಲ್ಲ, ರಿಪೇರಿಯ ಬಲದಿಂದ.

ಬಿಚ್ಚುವ ರೋಗ

ಯಾವ ಮೆಕ್ಯಾನಿಕ್ ಅಂಗಡಿ ಮುಂದೆ ನಿಂತರೂ ಕೇಳಿಬರುವ ಮಾತುಕತೆ ಹೀಗಿರುತ್ತದೆ.

"ಏನಪ್ಪಾ, ಗಾಡಿ ವಿಪರೀತ ಹೊಗೆ ಹೊಡೀತಾ ಇದೆ. ಪಿಕಪ್ಪೂ ಇಲ್ಲ."

"ಇಂಜಿನ್ ಕೆಲ್ಸ ಬಂದಿದೆ ಸಾರ್. ಬೋರ್ ಮಾಡಿಸ್ಬೇಕು. ಬಿಟ್ಟು ಹೋಗಿ."

ಮುಗಿಯಿತು. ಯಜಮಾನರು ಬಿಟ್ಟು ಹೋಗುತ್ತಾರೆ, ಇಂಜಿನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡುತ್ತದೆ. ಬೋರ್ ನಿಜವಾಗಿ ಬೇಕಾಗಿತ್ತೋ ಇಲ್ಲವೋ, ಕೇಳುವವರು ಯಾರು?

ಇಲ್ಲೇ ಇದೆ ನೋಡಿ ಪೆಟ್ಟು. ರೋಡ್‌ಕಿಂಗಿನ ಸಿಲಿಂಡರಿನ ಅಗಲ 65 ಮಿಲಿಮೀಟರ್, ಪಿಸ್ಟನ್ ಓಡುವ ಉದ್ದ 75 ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು 249 ಸಿಸಿ. ಬೋರ್ ಮಾಡಿಸುವುದೆಂದರೆ ಆ 65ನ್ನು ಕಾಲು ಮಿಲಿಮೀಟರಿನಂತೆ ಕೊರೆದು ದೊಡ್ಡದು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂರಿಸುವುದು. ಹೀಗೆ ಎಷ್ಟು ಸಲ ಕೊರೆದೀರಿ? ಒಂದು ಹಂತಕ್ಕೆ ಸಿಲಿಂಡರ್ ಗೋಡೆ ತೆಳ್ಳಗಾಗುತ್ತದೆ. ಆಮೇಲೆ ಒಳಗೆ ಸ್ಲೀವ್ ಹಾಕಿಸಬೇಕು, ಇಲ್ಲವೇ ಇನ್ನೊಂದು ಸಿಲಿಂಡರ್ ಹುಡುಕಬೇಕು. ಯಾದವಗಿರಿಯಲ್ಲಂತೂ ಇನ್ನು ಹೊಸದು ತಯಾರಾಗುವುದಿಲ್ಲ. ಅಂದರೆ ಬೇಡದೆ ಮಾಡಿದ ಒಂದೊಂದು ಬೋರೂ ಗಾಡಿಯ ಆಯಸ್ಸಿನಿಂದ ಕಳೆದಂತೆ. ಸುತ್ತಿಗೆ ಪೆಟ್ಟಿಗೆ ಮುರಿದ ಕೇಸಿಂಗ್, ತಪ್ಪು ಸ್ಪ್ಯಾನರ್ ಹಾಕಿ ಸವೆಸಿದ ನಟ್ಟು, ಎಲ್ಲಾ ಇದೇ ಲೆಕ್ಕ.

ಆದ್ದರಿಂದ ಬಲ್ಲ ಮೇಸ್ತ್ರಿಗಳು ಮೊದಲು ಕಿವಿಗೆ ಕೆಲಸ ಕೊಡುತ್ತಾರೆ, ಆಮೇಲೆ ಕಣ್ಣಿಗೆ, ಮೂಗಿಗೆ. ಕೈಗೆ ಕೆಲಸ ಕೊನೆಗೆ.

ಹೊಗೆ ಏನು ಹೇಳುತ್ತದೆ?

ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿನ ಜೊತೆಗೇ ಎಣ್ಣೆ ಉರಿಯುತ್ತದೆ. ಸ್ವಲ್ಪ ನೀಲಿ ಹೊಗೆ ಅದರ ಹುಟ್ಟುಗುಣ. ಆದರೆ ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ಮೂಗು ಮುಚ್ಚಿಕೊಳ್ಳುವಷ್ಟು ಹೊಗೆ ಬಂದರೆ ಅದು ಗುಣವಲ್ಲ, ಕಾಯಿಲೆ.

ಮೊದಲು ನೋಡಬೇಕಾದ್ದು ಎಣ್ಣೆಯ ಅಳತೆ. ಈಗಿನ ಒಳ್ಳೆಯ 2ಟಿ ಎಣ್ಣೆಯಾದರೆ ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 30ರಿಂದ 40 ಮಿ.ಲೀ. ಹಾಕುವುದು ವಾಡಿಕೆ. "ಜಾಸ್ತಿ ಹಾಕಿದ್ರೆ ಇಂಜಿನ್ನಿಗೆ ಒಳ್ಳೇದು" ಅಂತ ಕಣ್ಣಂದಾಜಿನಲ್ಲಿ ಸುರಿಯುವವರು ಇದ್ದಾರೆ. ಒಳ್ಳೆಯದಲ್ಲ ಸ್ವಾಮಿ. ಮಿಕ್ಕ ಎಣ್ಣೆ ಮಸಿಯಾಗಿ ಸೈಲೆನ್ಸರಿನಲ್ಲಿ ಕೂರುತ್ತದೆ. ಕಡಿಮೆ ಹಾಕಿದರೆ ಇನ್ನೂ ಕೇಡು, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಒಂದು ಅಳತೆ ಲೋಟ ಗಾಡಿಯಲ್ಲೇ ಇಟ್ಟುಕೊಳ್ಳಿ. ಔಷಧಿ ಅಂಗಡಿಯಲ್ಲಿ ಸಿಗುವ ಸಿರಪ್ ಮುಚ್ಚಳವಾದರೂ ಆದೀತು.

ಎಣ್ಣೆ ಸರಿಯಿದ್ದೂ ಹೊಗೆ ದಟ್ಟವಾಗಿದ್ದರೆ ಗೇರ್ ಬಾಕ್ಸಿನ ಎಣ್ಣೆ ನೋಡಿ. ಕೆಳಗೆ ನೆಲದ ಮೇಲೆ ಒಂದು ತೊಟ್ಟೂ ಸೋರಿಲ್ಲ, ಆದರೂ ಒಳಗೆ ಎಣ್ಣೆ ಕಡಿಮೆಯಾಗುತ್ತಿದೆಯೇ? ಹಾಗಾದರೆ ಅದು ಹೋಗುತ್ತಿರುವುದು ಇಂಜಿನ್ನಿನ ಹೊಟ್ಟೆಗೆ. ಕ್ರ್ಯಾಂಕಿನ ಎಡಗಡೆ, ಪ್ರೈಮರಿ ಚೈನಿನ ಪಕ್ಕದಲ್ಲಿರುವ ರಬ್ಬರ್ ಸೀಲ್ ಸವೆದಿದೆ ಎಂದರ್ಥ. ಗೇರ್ ಎಣ್ಣೆ ಅಲ್ಲಿಂದ ನುಗ್ಗಿ ಪೆಟ್ರೋಲಿನ ಜೊತೆ ಸುಡುತ್ತಿದೆ. ಇದಕ್ಕೆ ಬೇಕಾದ್ದು ಸೀಲು, ಬೋರಲ್ಲ.

ಬಲಗಡೆ, ಡೈನಮೋ ಪಕ್ಕದ ಸೀಲ್ ಹೋದರೆ ಕತೆ ಬೇರೆ. ಆಗ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಎಕ್ಸಿಲೇಟರ್ ಬಿಟ್ಟರೂ ಇಂಜಿನ್ ಇಳಿಯುವುದಿಲ್ಲ, ಒಂದೇ ಸಮ ಕೂಗುತ್ತಾ ನಿಲ್ಲುತ್ತದೆ. ಹೊಗೆ ಕಡಿಮೆ, ಶಾಖ ಜಾಸ್ತಿ. "ಗಾಡಿ ಒಳ್ಳೇ ಸ್ಪೀಡಾಗಿದೆ" ಅಂತ ಖುಷಿಪಡುವ ಹುಡುಗರಿದ್ದಾರೆ. ಅದು ಜ್ವರದ ಓಟ. ಹಾಗೇ ಓಡಿಸಿದರೆ ಪಿಸ್ಟನ್ ಸುಟ್ಟುಹೋಗುತ್ತದೆ.

ಪಿಕಪ್ ಇಲ್ಲದಿದ್ದರೆ?

ಬೋರ್ ಅನ್ನುವ ಮುಂಚೆ ಸೈಲೆನ್ಸರ್ ನೋಡಿ. ಅದರ ಒಳಗಿನ ನಳಿಗೆಯನ್ನು ಬಿಚ್ಚಿ ತೆಗೆಯಬಹುದು. ಅದರ ತೂತುಗಳಲ್ಲಿ ಮಸಿ ಕಟ್ಟಿ ಮುಚ್ಚಿಹೋಗಿದ್ದರೆ ಇಂಜಿನ್ನಿಗೆ ಉಸಿರು ಬಿಡಲಾಗುವುದಿಲ್ಲ. ಹೊರಗೆ ಬಿಡಲಾರದವನು ಒಳಗೆ ಎಲ್ಲಿಂದ ಎಳೆದಾನು? ನಳಿಗೆಯನ್ನು ಸುಟ್ಟು, ಕೆರೆದು ಚೊಕ್ಕಟ ಮಾಡಿದರೆ ಅರ್ಧ ಪಿಕಪ್ ವಾಪಸು ಬಂದಿರುತ್ತದೆ. ಸಿಲಿಂಡರಿನಿಂದ ಹೊಗೆ ಹೊರಬರುವ ಬಾಯಿ, ಹೆಡ್ಡಿನ ಒಳಮೈ, ಪಿಸ್ಟನ್ನಿನ ತಲೆ ಇಲ್ಲೂ ಮಸಿ ಕೂರುತ್ತದೆ. ಇದಕ್ಕೇ ಮೆಕ್ಯಾನಿಕ್‌ಗಳು ಡಿಕಾರ್ಬನ್ ಅನ್ನುತ್ತಾರೆ. ಕೆರೆಯುವಾಗ ಅಲ್ಯೂಮಿನಿಯಂಗೆ ಗೀರು ಬೀಳಬಾರದು, ಚೂಪು ಸ್ಕ್ರೂಡ್ರೈವರ್ ಬೇಡ, ಮರದ ಚಕ್ಕೆ ಸಾಕು.

ಕೆಲವರು ಸದ್ದು ಜೋರಾಗಲಿ ಎಂದು ಆ ನಳಿಗೆಯನ್ನೇ ಕಿತ್ತು ಬಿಸಾಡುತ್ತಾರೆ. ಬೀದಿಯವರ ಶಾಪ, ಪೊಲೀಸರ ದಂಡ ಎರಡೂ ಸಿಗುತ್ತದೆ. ಸಾಲದ್ದಕ್ಕೆ ಇಂಜಿನ್ನಿನ ಹದವೂ ಕೆಡುತ್ತದೆ.

ಆಮೇಲೆ ಪ್ಲಗ್. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಬಿಚ್ಚಿ ನೋಡಿ. ತುದಿ ಕಾಫಿಪುಡಿ ಬಣ್ಣವಿದ್ದರೆ ಎಲ್ಲಾ ಕ್ಷೇಮ. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚಾಗಿದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಎಚ್ಚರ, ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತಿದೆ. ಪ್ಲಗ್ಗಿನ ಸಂದು 0.6ರಿಂದ 0.7 ಮಿಲಿಮೀಟರ್ ಇರಬೇಕು.

ಪಾಯಿಂಟ್ ಎಂಬ ಪೀಡೆ

ಕಿಕ್ ಹೊಡೆದು ಹೊಡೆದು ಕಾಲು ಬಿದ್ದು ಹೋಯಿತು, ಗಾಡಿ ಸ್ಟಾರ್ಟ್ ಆಗಲಿಲ್ಲ ಅನ್ನುವವರ ಪೈಕಿ ಬಹುಪಾಲು ಜನರ ತೊಂದರೆ ಇರುವುದು ಬಲಗಡೆಯ ಮುಚ್ಚಳದ ಕೆಳಗೆ. ಅಲ್ಲಿ ಪಾಯಿಂಟ್ ಇದೆ. ಅದು ತೆರೆದು ಮುಚ್ಚಿದರೆ ತಾನೇ ಪ್ಲಗ್ಗಿಗೆ ಕಿಡಿ? ಪೂರ್ತಿ ತೆರೆದಾಗ ಸಂದು 0.4 ಮಿಲಿಮೀಟರ್. ಇದನ್ನು ಅಳೆಯುವ ಫೀಲರ್ ಗೇಜ್ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಪಾಯಿಂಟಿನ ಮುಖ ಕರಿಕಟ್ಟಿದ್ದರೆ ನಯವಾದ ಉಪ್ಪುಕಾಗದದಿಂದ ಒಂದು ಸಲ ಎಳೆದು, ಒಣ ಬಟ್ಟೆಯಲ್ಲಿ ಒರೆಸಿ. ಪದೇ ಪದೇ ಪಾಯಿಂಟ್ ಸುಡುತ್ತಿದ್ದರೆ ತಪ್ಪು ಪಾಯಿಂಟಿನದಲ್ಲ, ಪಕ್ಕದ ಕಂಡೆನ್ಸರಿನದು. ಅದನ್ನು ಬದಲಿಸದೆ ಪಾಯಿಂಟ್ ಮಾತ್ರ ಬದಲಿಸುತ್ತಾ ಹೋದರೆ ಅಂಗಡಿಯವನಿಗೆ ಲಾಭ, ನಿಮಗೆ ನಷ್ಟ.

ಈಗಿನ ಗಾಡಿಗಳಲ್ಲಿ ಪಾಯಿಂಟ್ ಎಂಬುದೇ ಇಲ್ಲ. ಹೊಸ ಹುಡುಗರು ಅದನ್ನು ಕಂಡೇ ಇಲ್ಲ. ಅವರ ತಪ್ಪೇನೂ ಅಲ್ಲ, ಕಲಿಸಿದವರು ಯಾರು?

ಕಾಡಿನ ಮಧ್ಯೆ ನಿಂತರೆ?

ಊರೊಳಗೆ ಗಾಡಿ ಕೆಟ್ಟರೆ ತಳ್ಳಿಕೊಂಡು ಹೋಗಬಹುದು. ಊಟಿ ರಸ್ತೆಯಲ್ಲಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿಗೆ ಹೊಕ್ಕ ಮೇಲೆ ಕೆಟ್ಟರೆ? ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ, ಆನೆ ಬಂದರೆ ಅದಕ್ಕೆ ಯೆಜ್ಡಿಯೂ ಒಂದೇ, ಎಮ್ಮೆಯೂ ಒಂದೇ. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆಯೂ ಬಂದ್. ದೂರದ ದಾರಿ ಹಿಡಿಯುವವರಿಗೆ ರಿಪೇರಿ ಎಂಬುದು ಹವ್ಯಾಸವಲ್ಲ, ಜೀವದ ಪ್ರಶ್ನೆ. ಹೊರಡುವ ಮುಂಚೆ ಇಷ್ಟು ನೋಡಿಕೊಳ್ಳಿ.

ಬ್ರೇಕ್: ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಈಗಿನ ಡಿಸ್ಕಿನ ಹಾಗೆ ಗಕ್ಕನೆ ಹಿಡಿಯುವುದಿಲ್ಲ. ಲೈನರ್ ಸವೆದಿದ್ದರೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಬದಲಿಸಲೇಬೇಕು. ಮುಂದಿನ ಕೇಬಲಿನ ಎಳೆಗಳು ಬಿಟ್ಟಿವೆಯೇ ನೋಡಿ.

ಚೈನ್: ಯೆಜ್ಡಿಯ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ. ಧೂಳು ತಾಗುವುದಿಲ್ಲ, ಪ್ಯಾಂಟಿಗೆ ಗ್ರೀಸ್ ಅಂಟುವುದಿಲ್ಲ, ಬಹಳ ಒಳ್ಳೆಯದು. ಕಷ್ಟ ಏನೆಂದರೆ, ಕಣ್ಣಿಗೆ ಬೀಳದ್ದು ನೆನಪಿಗೂ ಬೀಳುವುದಿಲ್ಲ. ರಬ್ಬರ್ ಕೊಳವೆ ಸರಿಸಿ ಕೈಯಿಟ್ಟು ನೋಡಿ. ಜೋತುಬಿದ್ದಿದ್ದರೆ ಕೆಟ್ಟದ್ದು, ತಂತಿಯ ಹಾಗೆ ಬಿಗಿಯಾಗಿದ್ದರೆ ಇನ್ನೂ ಕೆಟ್ಟದ್ದು. ಬಿಗಿ ಚೈನು ಬೇರಿಂಗನ್ನು ತಿನ್ನುತ್ತದೆ.

ಕೇಬಲ್: ಒಂದು ಎಕ್ಸಿಲೇಟರ್ ಕೇಬಲು, ಒಂದು ಕ್ಲಚ್ ಕೇಬಲು ಜೊತೆಗಿರಲಿ. ಕ್ಲಚ್ ಕೇಬಲ್ ತುಂಡಾದರೂ ಯೆಜ್ಡಿಯವರು ಹೆದರಬೇಕಾಗಿಲ್ಲ. ಗೇರ್ ಲಿವರನ್ನು ಒತ್ತಿದರೆ ಕ್ಲಚ್ ತಾನೇ ಬಿಡುವ ಹಾಗೆ ಇದರ ಕಟ್ಟಡ ಇದೆ. ಕಿಕ್ಕರ್ ಆಗುವುದೂ ಅದೇ ಲಿವರು, ಗೇರ್ ಆಗುವುದೂ ಅದೇ ಲಿವರು. ಈ ಜಾಣತನ ಎಷ್ಟೋ ಜನರನ್ನು ನಡುದಾರಿಯಿಂದ ಮನೆಗೆ ತಲುಪಿಸಿದೆ.

ಚೀಲದಲ್ಲಿ: ಪ್ಲಗ್ ಸ್ಪ್ಯಾನರ್, ಎರಡು ಪ್ಲಗ್, ಸ್ಕ್ರೂಡ್ರೈವರ್, ಪಾಯಿಂಟ್ ಸೆಟ್, ಕಂಡೆನ್ಸರ್, ಫ್ಯೂಸ್, ಒಂದು ಟ್ಯೂಬು, ಸಣ್ಣ ಬಾಟ್ಲಿಯಲ್ಲಿ 2ಟಿ ಎಣ್ಣೆ, ಒಂದಷ್ಟು ಹಳೇ ಬಟ್ಟೆ.

ಘಾಟಿಯಲ್ಲಿ ಇನ್ನೊಂದು ಮಾತು. ಏರುವಾಗ ಎಲ್ಲರೂ ಜೋಪಾನ, ಇಳಿಯುವಾಗ ಎಡವಟ್ಟು. ಸಂಪಾಜೆಯಲ್ಲೋ, ಊಟಿಯಿಂದ ಗೂಡಲೂರಿಗೋ ಇಳಿಯುವಾಗ ಎಕ್ಸಿಲೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟುಬಿಡುತ್ತಾರೆ. ಟೂ ಸ್ಟ್ರೋಕಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಿತು, ಪಿಸ್ಟನ್ ಮಾತ್ರ ಓಡುತ್ತಲೇ ಇರುತ್ತದೆ. ಆಗಾಗ ಒಂದಿಷ್ಟು ಎಕ್ಸಿಲೇಟರ್ ಕೊಡಿ. ಹಾಗಂತ ನ್ಯೂಟ್ರಲ್ ಮಾಡಿ ಇಳಿಯಬೇಡಿ, ಡ್ರಮ್ ಕಾದು ಬ್ರೇಕ್ ಕೈಕೊಡುತ್ತದೆ.

ಓಡುತ್ತಾ ಓಡುತ್ತಾ ಇಂಜಿನ್ ಸದ್ದು ಬಿಗಿಯಾಗಿ, ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗಾದರೆ ಪಿಸ್ಟನ್ ಕಚ್ಚುತ್ತಿದೆ ಎಂದರ್ಥ. ತಡಮಾಡದೆ ಕ್ಲಚ್ ಹಿಡಿಯಿರಿ, ಪಕ್ಕಕ್ಕೆ ತನ್ನಿ. ಪೂರ್ತಿ ತಣ್ಣಗಾಗುವವರೆಗೆ ಕಿಕ್ ಮುಟ್ಟಬೇಡಿ. ನೀರು ಸುರಿಯುವುದಂತೂ ಬೇಡವೇ ಬೇಡ.

ಶೆಡ್ಡಿನಲ್ಲಿ ಮಲಗಿದ ಗಾಡಿ

ಬಸ್ಸಿನಲ್ಲಿ ಓಡಾಡುವ ಎಷ್ಟೋ ಜನರ ಮನೆಯಲ್ಲಿ ಅಪ್ಪನದೋ ಮಾವನದೋ ಯೆಜ್ಡಿ ಒಂದು ಟಾರ್ಪಾಲಿನ ಕೆಳಗೆ ಮಲಗಿದೆ. ಗುಜರಿಯವನು ಬಂದು ತೂಕಕ್ಕೆ ಕೇಳಿ ಹೋಗಿದ್ದಾನೆ. ಕೊಡುವ ಮುಂಚೆ ಒಂದು ಮಾತು ಕೇಳಿ.

ಹಬ್ಬದ ದಿನ ಹುಮ್ಮಸ್ಸು ಬಂದು ನೇರವಾಗಿ ಕಿಕ್ ಹೊಡೆಯಬೇಡಿ. ಮೊದಲು ಟ್ಯಾಂಕ್ ಖಾಲಿ ಮಾಡಿ, ಒಳಗಿನ ತುಕ್ಕು ತೊಳೆಸಿ. ಕಾರ್ಬೊರೇಟರ್ ಬಿಚ್ಚಿ ಜೆಟ್ಟಿನ ತೂತು ಊದಿ. ಪ್ಲಗ್ ತೆಗೆದು ಆ ತೂತಿನಿಂದ ಒಂದೆರಡು ಚಮಚ ಎಣ್ಣೆ ಬಿಟ್ಟು, ಒಂದು ದಿನ ಹಾಗೇ ಇಟ್ಟು, ಆಮೇಲೆ ಕಿಕ್ಕರನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಅಲುಗದಿದ್ದರೆ ಬಲವಂತ ಬೇಡ. ಗೇರ್ ಎಣ್ಣೆ ಬದಲಿಸಿ. ವರ್ಷಾನುಗಟ್ಟಲೆ ನಿಂತ ಟಯರಿಗೆ ಮೇಲೆ ಗುಂಡಿ ಚೆನ್ನಾಗಿ ಕಂಡರೂ ರಬ್ಬರ್ ಸತ್ತಿರುತ್ತದೆ, ಬದಲಿಸಿ.

ಹೊಸ ಕಾಲದ ಇನ್ನೊಂದು ತೊಡಕು ಪೆಟ್ರೋಲಿನದೇ. 2025ರ ಹೊತ್ತಿಗೆ ಬಂಕ್‌ಗಳ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಸೇರಿತು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಹಳೆಯ ಕಾಲದ ರಬ್ಬರು, ಕಾರ್ಕು ಅದನ್ನು ತಡೆಯುವುದಕ್ಕೆ ಅಂತ ಮಾಡಿದವಲ್ಲ. ಆದ್ದರಿಂದ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಪೆಟ್ರೋಲ್ ಪೈಪು, ಕಾಕ್ ವಾಷರು ಹೊಸದು ಹಾಕಿಸಿ. ಪ್ಲಗ್ ಬೆಳ್ಳಗಾಗುತ್ತಿದೆಯೇ ಎಂದು ಒಂದು ಕಣ್ಣಿಡಿ.

ಕಾಗದಪತ್ರದ ಕಡೆಗೂ ಗಮನ ಇರಲಿ. ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೊದಲ ಯೆಜ್ಡಿಗಳಿಗೆ ಆ ವಯಸ್ಸು ಆಗಿಹೋಗಿದೆ. ಆದರೆ ಷರತ್ತು ಉಂಟು: ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಯನ್ನೋ ಇಂಜಿನ್ನನ್ನೋ ಬದಲಾಯಿಸಿರಬಾರದು. ವಿಂಟೇಜ್ ಎಂದು ಬರೆಸಿದ ಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ನೋಡಿ, ಕಂಡಕಂಡ ಹಾಗೆ ಬಿಚ್ಚಿ ಬದಲಿಸಬೇಡಿ ಅಂತ ಕಾನೂನೂ ಹೇಳುತ್ತಿದೆ.

ಮೇಸ್ತ್ರಿ ಹೋದರೆ ಯಾರು?

ಇಷ್ಟೆಲ್ಲ ಹೇಳಿದ ಮೇಲೂ ಗಾಡಿಯವರ ಕೈಯಲ್ಲಿ ಆಗದ ಕೆಲಸ ಎಷ್ಟೋ ಇದೆ. ಕ್ರ್ಯಾಂಕ್ ಬೇರಿಂಗ್ ಕೂರಿಸುವುದು, ಟೈಮಿಂಗ್ ಹಿಡಿಯುವುದು, ಬಿಗ್ ಎಂಡ್ ಸದ್ದೋ ಪಿಸ್ಟನ್ ಸದ್ದೋ ಎಂದು ಕಿವಿಯಲ್ಲೇ ಹೇಳುವುದು, ಇದು ವರ್ಷಗಳ ಅಭ್ಯಾಸ. ಅದು ಯಾವ ಪುಸ್ತಕದಲ್ಲೂ ಪೂರ್ತಿ ಸಿಗದು. ಆ ಕೈಗಳಿಗೆ ಈಗ ವಯಸ್ಸಾಗಿದೆ. ಕಣ್ಣಿಗೆ ಕನ್ನಡಕ ಬಂದಿದೆ. ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ತಪ್ಪೇನಿಲ್ಲ ಬಿಡಿ, ದಿನಕ್ಕೆ ಒಂದು ಯೆಜ್ಡಿ ಬಂದರೆ ಅಂಗಡಿ ಬಾಡಿಗೆ ಹುಟ್ಟೀತೇ?

ಗಾಡಿಯ ಫೋಟೋ ತೆಗೆದು ಮೆರೆಸುವವರು ಬೇಕಾದಷ್ಟಿದ್ದಾರೆ. ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಎಂದು ಸಾಲಾಗಿ ಗಾಡಿ ಓಡಿಸುತ್ತಾರೆ, ನೋಡುವುದಕ್ಕೆ ಚೆಂದ. ಆದರೆ ಅದೇ ಜನ ಮೇಸ್ತ್ರಿಯ ಕೂಲಿ ವಿಷಯಕ್ಕೆ ಬಂದರೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಬೋರಿಗೆ, ಪಿಸ್ಟನ್ನಿಗೆ ಕೇಳಿದಷ್ಟು ಕೊಡುತ್ತೇವೆ. "ಬೋರ್ ಬೇಡ ಸಾರ್, ಸೀಲ್ ಹಾಕಿದ್ರೆ ಸಾಕು" ಅಂತ ನಿಜ ಹೇಳಿದವನಿಗೆ ಏನು ಕೊಡುತ್ತೇವೆ? ನಿಜ ಹೇಳಿದ್ದರಿಂದ ಅವನ ಬಿಲ್ಲು ಚಿಕ್ಕದಾಯಿತು, ಅಷ್ಟೇ. ಹೀಗಾದರೆ ಮುಂದಿನವನು ಬೋರ್ ಅಂತಲೇ ಹೇಳುತ್ತಾನೆ. ಬಿಚ್ಚುವ ರೋಗಕ್ಕೆ ಅರ್ಧ ಕಾರಣ ಗಿರಾಕಿಗಳಾದ ನಾವೇ.

ಆದ್ದರಿಂದ ಯೆಜ್ಡಿ ಯಜಮಾನರಿಗೆ ಹೇಳುವುದಿಷ್ಟು. ಪಾಯಿಂಟ್, ಪ್ಲಗ್, ಚೈನ್, ಎಣ್ಣೆ, ಸೈಲೆನ್ಸರ್ ಈ ಐದು ಕೆಲಸ ನೀವೇ ಕಲಿಯಿರಿ. ಮಿಕ್ಕಿದ್ದಕ್ಕೆ ಮೇಸ್ತ್ರಿಯ ಬಳಿ ಹೋಗಿ, ಪಕ್ಕದಲ್ಲೇ ನಿಂತು ನೋಡಿ, ತೆಗೆದ ಹಳೆಯ ಸಾಮಾನು ಕೇಳಿ ಪಡೆಯಿರಿ. ರೋಗ ಕಂಡುಹಿಡಿದದ್ದಕ್ಕೂ ಕೂಲಿ ಕೊಡಿ, ಡಾಕ್ಟರಿಗೆ ಕೊಡುವುದಿಲ್ಲವೇ? ಮನೆಯಲ್ಲಿ ಆಸಕ್ತಿ ಇರುವ ಹುಡುಗನೋ ಹುಡುಗಿಯೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಮೇಸ್ತ್ರಿ ಕೆಲಸ ಮಾಡುವಾಗ ಮೊಬೈಲಿನಲ್ಲಿ ಹಿಡಿದಿಡಲಿ, ಯಾವ ನಟ್ಟು ಮೊದಲು, ಯಾವುದು ಆಮೇಲೆ ಎಂದು ಬರೆದಿಡಲಿ. ಊರಿನ ಐಟಿಐಗಳೂ ಒಂದು ಹಳೆಯ ಯೆಜ್ಡಿ ಇಂಜಿನ್ ತಂದು ಬೆಂಚಿನ ಮೇಲಿಟ್ಟು, ಇಂಥ ಮೇಸ್ತ್ರಿಗಳನ್ನು ವಾರಕ್ಕೊಂದು ದಿನ ಕರೆಸಿದರೆ ಗಂಟೇನೂ ಹೋಗುವುದಿಲ್ಲ.

ಯಾದವಗಿರಿಯ ಕಾರ್ಖಾನೆಯನ್ನು ಮತ್ತೆ ತೆರೆಸುವುದು ನಮ್ಮ ಕೈಯಲ್ಲಿಲ್ಲ. ಅಲ್ಲಿಂದ ಹೊರಬಂದ ಗಾಡಿಗಳನ್ನು ಗುಜರಿಗೆ ಹೋಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಈ ಭಾನುವಾರ ಟಾರ್ಪಾಲು ತೆಗೆದು ಒಂದು ಸಲ ಗೇರ್ ಎಣ್ಣೆ ನೋಡಿ ಸ್ವಾಮಿ. ಖರ್ಚೇನೂ ಇಲ್ಲ.